ಒಂದು ಮೂಲೆ ಗುಡಿಸದೆ ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ‘ಬಿಸಿಲಿಗೆ ಹಕ್ಕಿಗಳಿಗೆ ನೀರಿಡಿ’ ಎಂಬ ಬರಹ ಬಂದಿತ್ತು. ಜೊತೆಗೆ ಮಣ್ಣಿನ ಬಟ್ಟಲಿನ ಫೋಟೊ. ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಪ್ರತಿ ವರ್ಷ ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಸರಿಯಾಗಿ ಇದೇ ಬಟ್ಟಲು ನಿಮ್ಮ ಪುಟಕ್ಕೆ ಬರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಮನೆಮನೆಯಲ್ಲೂ ಅದು ಅಟ್ಟ ಸೇರುತ್ತದೆ. ಆಮೇಲೆ ಮುಂದಿನ ಮಾರ್ಚ್‌ವರೆಗೆ ಹಕ್ಕಿ ಏನು ತಿಂದಿತು, ಎಲ್ಲಿ ಮಲಗಿತು, ಮರಿಗೆ ಏನು ಕೊಟ್ಟಿತು ಅಂತ ಕೇಳುವವರಿಲ್ಲ. ಒಂದು ಕೈಯಲ್ಲಿ ಹಕ್ಕಿಗೆ ನೀರಿಟ್ಟು ಇನ್ನೊಂದು ಕೈಯಲ್ಲಿ ಗಿಡಕ್ಕೆ ಹುಳದ ಔಷಧಿ ಹೊಡೆಯುವವರನ್ನು ನಾನು ಬಲ್ಲೆ. ಕೆಲವು ವರ್ಷದ ಹಿಂದೆ ನಾನೇ ಹಾಗಿದ್ದೆ.

ನನ್ನ ಪರಿಚಯ ಇಷ್ಟೇ. ಖಜಾನೆ ಇಲಾಖೆಯಲ್ಲಿ 34 ವರ್ಷ ಬಿಲ್ಲು, ಚಲನ್ನು, ಲೆಡ್ಜರು ಅಂತ ಕಳೆದು ನಿವೃತ್ತಿಯಾದವಳು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಮಿಕ್ಕಿದ್ದು ಮುಂದೆ ಎರಡು ಸ್ಕೂಟರ್ ನಿಲ್ಲುವಷ್ಟು, ಪಕ್ಕದಲ್ಲಿ ಒಬ್ಬರು ಮೈ ಓರೆ ಮಾಡಿ ನಡೆಯುವಷ್ಟು, ಹಿಂದೆ ಎಂಟಡಿ ಅಗಲದ ಹಿತ್ತಲು. ತೋಟ ಇರುವವರು ಮಾಡುವ ಕೆಲಸ ಇದು ಅಂತ ಯಾರೂ ಪತ್ರಿಕೆ ಮಡಚಿಡಬಾರದಲ್ಲ, ಅದಕ್ಕೆ ಅಳತೆ ಹೇಳಿದೆ.

ಇದೆಲ್ಲ ಶುರುವಾದದ್ದು ನನಗೆ ಒಳ್ಳೆ ಬುದ್ಧಿ ಬಂದು ಅಲ್ಲ, ಒಬ್ಬ ಗಾರೆಯವರು ಕೈಕೊಟ್ಟು. ಮಗನ ಮದುವೆ ಹೊತ್ತಿಗೆ ಹಿತ್ತಲಿಗೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದ್ದೆವು. ಮಣ್ಣು ಮೆಟ್ಟುವ ಹಾಗಿಲ್ಲ, ಕೆಸರಿಲ್ಲ, ಎಲ್ಲರೂ ಹೊಗಳಿದರು. 2018ರಲ್ಲಿ ಬಚ್ಚಲ ಪೈಪು ಕಟ್ಟಿಕೊಂಡಿತು. ಟೈಲ್ಸ್ ಎಬ್ಬಿಸಿ, ಅಗೆದು, ಪೈಪು ಬದಲಾಯಿಸಿ, ‘ನಾಳೆ ಬಂದು ಮುಚ್ಚಿಕೊಡ್ತೀನಮ್ಮಾ’ ಅಂತ ಹೇಳಿ ಹೋದವರು ಇವತ್ತಿಗೂ ಬಂದಿಲ್ಲ. ಎಬ್ಬಿಸಿದ ಟೈಲ್ಸ್ ಕಾಂಪೌಂಡ್ ಗೋಡೆಗೆ ಒರಗಿ ಕೂತವು. ಬೋಳು ಮಣ್ಣಿನ ಮೇಲೆ ಮಳೆ ಬಿತ್ತು. ಗರಿಕೆ ಬಂತು, ನೆಲನೆಲ್ಲಿ ಬಂತು, ತುಂಬೆ ಗಿಡ ಬಂತು. ಐದು ವರ್ಷ ಟೈಲ್ಸ್ ಅಡಿಯಲ್ಲಿ ಇವೆಲ್ಲ ಎಲ್ಲಿ ಕೂತಿದ್ದವೋ! ತುಂಬೆ ಹೂ ಬಿಟ್ಟ ವಾರದಲ್ಲೇ ಉಗುರಿನಷ್ಟು ಪುಟ್ಟ ನೀಲಿ ಚಿಟ್ಟೆಗಳು ಬಂದವು. ಶಿವರಾತ್ರಿಗೆ ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟು ತರುತ್ತಿದ್ದ ಹೂವು ಅದು. ಕೀಳಲು ಮನಸ್ಸಾಗಲಿಲ್ಲ.

ನಮ್ಮ ಯಜಮಾನರಿಗೆ ಮನಸ್ಸಾಯಿತು. ಅವರಿಗೆ ಗುಡಿಸುವುದು ಒಂದು ವ್ರತ. ಬೆಳಿಗ್ಗೆ ಆರಕ್ಕೆ ಕಡ್ಡಿಪೊರಕೆ ಹಿಡಿದರೆ ಸೀಬೆ ಮರದ ಒಂದು ಎಲೆಯೂ ನೆಲದ ಮೇಲೆ ಉಳಿಯಬಾರದು. ದೊಡ್ಡ ಜಗಳವೇ ಆಯಿತು. ಕೊನೆಗೆ ಒಪ್ಪಂದಕ್ಕೆ ಬಂದೆವು. ಹಿತ್ತಲ ಒಂದು ಮೂಲೆ, ಆರಡಿಗೆ ನಾಲ್ಕಡಿ, ಬಾಗಿಲಿಂದ ದೂರ, ಬಚ್ಚಲ ನೀರು ಹೋಗದ ಕಡೆ. ಅಲ್ಲಿಗೆ ಪೊರಕೆ ಬರಕೂಡದು. ಉಳಿದ ಕಡೆ ಗುಡಿಸಿದ ಎಲೆಯನ್ನೆಲ್ಲ ತಂದು ಅಲ್ಲೇ ಸುರಿಯಬೇಕು. ಅವರು ಸಾಲಾಗಿ ಇಟ್ಟಿಗೆ ಇಟ್ಟು ಗಡಿ ಹಾಕಿದರು. ‘ಅಲ್ಲಿಂದಾಚೆ ನಿನ್ನ ಕಾಡು, ಇಲ್ಲಿಂದೀಚೆ ನನ್ನ ಅಂಗಳ’ ಅಂದರು.

ಆ ಮೂಲೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಂಪಾದಕರೇ, ಕತ್ತರಿಸಬೇಡಿ. ಒಂದು ಮಳೆಗಾಲ ಕಳೆದ ಮೇಲೆ ಕೋಲಿನಿಂದ ಎಲೆ ಸರಿಸಿ ನೋಡಿದೆ. ಮೇಲಿನ ಪದರ ಹಪ್ಪಳದ ಹಾಗೆ ಗರಿಗರಿ. ಅದರಡಿ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಒದ್ದೆ, ನಡುವೆ ಬಿಳಿ ಎಳೆಎಳೆ ಬೂಷ್ಟು. ಇನ್ನೂ ಕೆಳಗೆ ಎಲೆ ಯಾವುದು ಮಣ್ಣು ಯಾವುದು ಗೊತ್ತಾಗುವುದಿಲ್ಲ. ಕಾಫಿಪುಡಿಯ ಬಣ್ಣ, ಮೊದಲ ಮಳೆಯ ವಾಸನೆ. ಎರೆಹುಳು, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಾವಿರಕಾಲಿನ ಹುಳ, ನುಣ್ಣನೆ ಹೊಳೆಯುವ ಒಂದು ಹಾವುರಾಣಿ. ಹಾವುರಾಣಿ ಕಚ್ಚಿದರೆ ಸಾಯುತ್ತಾರೆ ಅಂತ ಚಿಕ್ಕವರಿದ್ದಾಗ ಹೆದರಿಸುತ್ತಿದ್ದರು. ಪಾಪ, ಅದಕ್ಕೆ ವಿಷವೇ ಇಲ್ಲ. ಹಲ್ಲಿಯ ಸಂಬಂಧಿ ಅದು.

ಹುಳ ಬಂದ ಮೇಲೆ ಹುಳ ತಿನ್ನುವವರು ಬಂದರು. ಮೊದಲು ಹರಟೆಮಲ್ಲ ಹಕ್ಕಿಗಳು, ಒಂದಲ್ಲ ಎರಡಲ್ಲ, ಆರೇಳರ ಗುಂಪು. ಹತ್ತು ಗಂಟೆಗೆ ಹಾಜರಿ. ಒಂದು ಕಾಂಪೌಂಡ್ ಮೇಲೆ ಕಾವಲು ಕೂರುತ್ತದೆ, ಉಳಿದವು ಕೊಕ್ಕಿನಲ್ಲಿ ಒಂದೊಂದೇ ಎಲೆ ಮಗುಚುತ್ತ ಗಲಗಲ ಮಾತಾಡುತ್ತವೆ. ನಮ್ಮ ಆಫೀಸಿನ ಊಟದ ಹೊತ್ತು ನೆನಪಾಗುತ್ತದೆ. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕಾಯುವ ಪದ್ಧತಿ ಅಲ್ಲೂ ಇರಲಿಲ್ಲ.

2021ರ ದಸರೆ ಮುಗಿದ ವಾರ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲು ತೆಗೆದೆ. ಎಲೆ ಮೂಲೆಯಲ್ಲಿ ಒಂದು ಹಕ್ಕಿ ನಿಂತಿತ್ತು. ಬೆನ್ನು ಹಸಿರು, ಹೊಟ್ಟೆ ಹಳದಿ, ಬಾಲದ ಬುಡದಲ್ಲಿ ಕುಂಕುಮ ಬಳಿದಷ್ಟು ಕೆಂಪು, ಕಣ್ಣಿಗೆ ದಪ್ಪ ಕಾಡಿಗೆ, ರೆಕ್ಕೆಯಲ್ಲಿ ಒಂದು ಚೂರು ನೀಲಿ. ಬಾಲವೋ, ಇದ್ದೂ ಇಲ್ಲದ ಹಾಗೆ. ಎರಡು ಹೆಜ್ಜೆ ಕುಪ್ಪಳಿಸುವುದು, ಎಲೆ ಎತ್ತಿ ಪಕ್ಕಕ್ಕೆ ಎಸೆಯುವುದು, ತಲೆ ಓರೆ ಮಾಡಿ ನೆಲ ನೋಡುವುದು. ನಾನು ಉಸಿರು ಬಿಗಿಹಿಡಿದೆ. ಹಿಂದಿನಿಂದ ಯಜಮಾನರು ಪೊರಕೆ ಹಿಡಿದು ಬಂದರು. ‘ಏನೇ ಅದು’ ಅಂದವರು ಅಲ್ಲೇ ನಿಂತರು. ಅದು ನವರಂಗ. ಬೇಸಿಗೆಯಲ್ಲಿ ಮಧ್ಯ ಭಾರತ, ಹಿಮಾಲಯದ ತಪ್ಪಲು ಅಂತ ಮರಿ ಮಾಡಿಕೊಂಡು, ಚಳಿಗಾಲಕ್ಕೆ ನಮ್ಮ ಕಡೆ, ಶ್ರೀಲಂಕಾ ಕಡೆ ಇಳಿದು ಬರುತ್ತದೆ. ರಾತ್ರಿ ಹೊತ್ತು ಹಾರಿ, ಬೆಳಗಾದಾಗ ಎಲ್ಲಿ ಎಲೆಯಡಿ ಹುಳ ಸಿಗುತ್ತದೋ ಅಲ್ಲಿ ಇಳಿಯುತ್ತದೆ. ಇಡೀ ಬಡಾವಣೆ ಟೈಲ್ಸು, ಕಾಂಕ್ರೀಟು. ಮೇಲಿನಿಂದ ನಮ್ಮ ಆರಡಿ ನಾಲ್ಕಡಿ ಕಸ ಅದಕ್ಕೆ ಹೇಗೆ ಕಂಡಿತೋ!

ನಾಲ್ಕು ದಿನ ಇತ್ತು, ಐದನೇ ದಿನ ಇರಲಿಲ್ಲ. ಆರನೇ ದಿನ ನೋಡಿದರೆ ಗಡಿಯ ಇಟ್ಟಿಗೆಗಳು ಎರಡಡಿ ಮುಂದೆ ಬಂದಿದ್ದವು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಸೂರಕ್ಕಿ ವಿಷಯ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ ಇದೆ. 2022ರ ಯುಗಾದಿ ಹತ್ತಿರ ಅದರ ತುದಿಗೆ ಏನೋ ಕಸ ಜೋತುಬಿದ್ದಂತೆ ಕಂಡಿತು. ಎಳೆದು ಬಿಸಾಕಲು ಕೈ ಚಾಚಿದೆ, ಪುಟ್ಟ ಹಕ್ಕಿಯೊಂದು ಕಿವಿ ಪಕ್ಕವೇ ಚಿಪ್ ಚಿಪ್ ಅಂತ ಗದರಿತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿರಬಹುದು. ಗೂಡು ಕಟ್ಟುತ್ತಿದ್ದದ್ದು ಹೆಣ್ಣು. ಗಂಡು ನುಗ್ಗೆ ಕೊಂಬೆಯಲ್ಲಿ ಕೂತು ಹಾಡುತ್ತಿತ್ತು. ಮೇಲ್ವಿಚಾರಣೆ ಅಂತಾರಲ್ಲ, ಹಾಗೆ. ಒಣ ತೊಗಟೆ ಚೂರು, ನಾರು, ಹುಳದ ಹಿಕ್ಕೆ, ನಮ್ಮ ಹಳೇ ಕ್ಯಾಲೆಂಡರಿನ ಒಂದು ತುಂಡು ಕಾಗದ. ಇಷ್ಟನ್ನೂ ಸೇರಿಸಿ ಹಿಡಿದದ್ದು ಜೇಡರಬಲೆ. ಮೆಟ್ಟಿಲ ಕೆಳಗಿನ ಸಂದಿಗೆ ಹೋಗುವುದು, ಕೊಕ್ಕಿಗೆ ಬಲೆ ಸುತ್ತಿಕೊಂಡು ಬರುವುದು, ಗೂಡಿಗೆ ಒತ್ತಿ ಒತ್ತಿ ಅಂಟಿಸುವುದು. ಬಾಗಿಲಿನ ಮೇಲೆ ಮಳೆ ಎರಚದಂತೆ ಸಣ್ಣ ಸಜ್ಜ ಬೇರೆ! ನಮ್ಮ ಮನೆ ಕಟ್ಟಿದ ಇಂಜಿನಿಯರು ಆ ಸಜ್ಜವನ್ನೇ ಮರೆತಿದ್ದರು.

ಆ ವರ್ಷ ಹಬ್ಬಕ್ಕೆ ಮೆಟ್ಟಿಲ ಕೆಳಗಿನ ಜೇಡರಬಲೆ ಹೊಡೆಯಲಿಲ್ಲ. ‘ಹಬ್ಬದ ಮನೇಲಿ ಬಲೆ ನೇತಾಡ್ತಿದೆಯಲ್ಲೇ’ ಅಂತ ನಾದಿನಿಯ ಕೈಲಿ ಅನ್ನಿಸಿಕೊಂಡೆ. ಬಟ್ಟೆ ಒಣಗಿಸುವುದು ಮಹಡಿ ಮೇಲೆ. ಮಂಡಿ ನೋವಿನವಳಿಗೆ ದಿನಾ ಹದಿನೆಂಟು ಮೆಟ್ಟಿಲು.

ಆ ಗೂಡು ಉಳಿಯಲಿಲ್ಲ. ಒಂದು ಬೆಳಿಗ್ಗೆ ಹರಿದು ಜೋತಾಡುತ್ತಿತ್ತು. ಕೆಂಬೂತ ಗೋಡೆ ಮೇಲೆ ಕೂತಿತ್ತು. ಕೆಂಬೂತ ಕಂಡರೆ ಶುಭ ಅಂತಾರೆ, ಆವತ್ತು ಯಾರಿಗೆ ಶುಭವಾಯಿತೋ. ಎರಡು ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದೆ. ನಾನು ಕರೆದದ್ದು ಸೂರಕ್ಕಿಯನ್ನು ಮಾತ್ರ ಅಂತ ಕೆಂಬೂತಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕೂ ಮರಿ ಇರಬಹುದು. ಮೇ ತಿಂಗಳಲ್ಲಿ ಸೂರಕ್ಕಿ ಅದೇ ತಂತಿಗೆ ಮತ್ತೆ ಕಟ್ಟಿತು. ಈ ಸಲ ಎರಡು ಮರಿ ಹೊರಬಂದವು.

ನನ್ನ ನೋಟ್‌ಬುಕ್ಕು ಇಲ್ಲಿ ಉಪಯೋಗಕ್ಕೆ ಬಂತು. ಖಜಾನೆಯ ಚಟ, ಬಂದದ್ದು ಹೋದದ್ದು ಬರೆದಿಡದಿದ್ದರೆ ನಿದ್ದೆ ಬರುವುದಿಲ್ಲ. ಒಂದು ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಅಡುಗೆಮನೆ ಕಿಟಕಿಯಲ್ಲಿ ನಿಂತು ಲೆಕ್ಕ ಹಾಕಿದೆ. ಅಪ್ಪ ಅಮ್ಮ ಸೇರಿ ಗೂಡಿಗೆ 22 ಸಲ ಬಂದರು. ಕೊಕ್ಕಿನಲ್ಲಿ ಏನಿದೆ ಅಂತ ಕಂಡಾಗಲೆಲ್ಲ ಇದ್ದದ್ದು ಹಸಿರು ಹುಳ, ಜೇಡ, ಸೊಳ್ಳೆಯಂಥ ಏನೋ. ಸೂರಕ್ಕಿ ಅಂದರೆ ಹೂವಿನ ಜೇನು ಕುಡಿಯುವ ಹಕ್ಕಿ ಅಂತಲೇ ನಾನು ತಿಳಿದಿದ್ದೆ. ದೊಡ್ಡವರು ಜೇನು ಕುಡಿಯುತ್ತಾರೆ ನಿಜ. ಮೈ ಬೆಳೆಯಬೇಕಾದ ಮರಿಗೆ ಹುಳವೇ ಬೇಕು. ನಾವು ಕಾಳು ಹಾಕಿ ಕರೆಯುವ ಗುಬ್ಬಚ್ಚಿಯೂ ಅಷ್ಟೇ, ಮರಿಗೆ ಕೊಡುವುದು ಹೆಚ್ಚಾಗಿ ಹುಳವನ್ನೇ.

ಇದು ತಲೆಗೆ ಹೋದ ದಿನ ಸ್ಟೋರ್ ರೂಮಿನಲ್ಲಿದ್ದ ಔಷಧಿ ಬಾಟಲಿ ನೆನಪಾಯಿತು. ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಬಂದಾಗಲೆಲ್ಲ ಅದನ್ನು ಧಾರಾಳವಾಗಿ ಹೊಡೆಯುತ್ತಿದ್ದೆ. ಅದೇ ದಾಸವಾಳದ ಕೆಳಗೆ ಹಕ್ಕಿಗೆ ಅಂತ ಬಟ್ಟಲು! ಈಗ ತಿಗಣೆ ಬಂದರೆ ಪೈಪು ಹಿಡಿದು ರಭಸವಾಗಿ ನೀರು ಬಿಡುತ್ತೇನೆ. ತೀರಾ ಜಾಸ್ತಿಯಾದ ಕೊಂಬೆ ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಕುತ್ತೇನೆ. ಹೂವು ಮೊದಲಿನಷ್ಟು ಬರುವುದಿಲ್ಲ, ದೇವರಿಗೆ ಸಾಕಾಗುವಷ್ಟು ಬರುತ್ತದೆ.

ಕರಿಬೇವಿನ ಬಗ್ಗೆ ಹೇಳಿದರೆ ಹೆಂಗಸರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಕರಿಬೇವಿಗೆ ಹುಳ ಬಿದ್ದರೆ ಯಾರು ಸುಮ್ನಿರುತ್ತಾರೆ? ಆದರೆ ಆ ಹುಳವನ್ನು ಒಮ್ಮೆ ಹತ್ತಿರದಿಂದ ನೋಡಿ. ಎಳೆಯದಿದ್ದಾಗ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು ಬಿಳುಪು. ತಿನ್ನಲು ಬರುವವರಿಗೆ ಹೇಸಿಗೆ ಆಗಲಿ ಅಂತ ಆ ವೇಷ. ಬೆಳೆದ ಮೇಲೆ ಎಲೆಯದೇ ಹಸಿರು. ಕಡ್ಡಿಯಿಂದ ಸುಮ್ನೆ ಮುಟ್ಟಿದರೆ ತಲೆ ಹಿಂದಿನಿಂದ ಕೆಂಪನೆಯ ಎರಡು ಕೊಂಬು ಚಾಚುತ್ತದೆ, ಒಂಥರಾ ಹುಳಿ ಕಮಟು ವಾಸನೆ. ನನ್ನ ಮೊಮ್ಮಗಳು ಇದನ್ನು ‘ಅಜ್ಜಿ, ಹಾರ್ನ್ ಹೊಡೀತು’ ಅನ್ನುತ್ತಾಳೆ. ಆಮೇಲೆ ಕಾಂಡಕ್ಕೆ ಒಂದು ಎಳೆ ದಾರ ಸುತ್ತಿಕೊಂಡು, ತೆಂಗಿನಮರ ಹತ್ತುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಿಂದಕ್ಕೆ ಒರಗುತ್ತಾರಲ್ಲ, ಹಾಗೆ ಒರಗಿ ಕೋಶವಾಗುತ್ತದೆ. ನಮ್ಮಲ್ಲಿ ಹನ್ನೊಂದನೇ ಬೆಳಿಗ್ಗೆ ಹೊರಬಂತು. ಕಪ್ಪು ರೆಕ್ಕೆಗೆ ಅಡ್ಡ ಬಿಳಿ ಚುಕ್ಕಿ ಸಾಲು. ಕಾಮನ್ ಮಾರ್ಮನ್ ಅಂತ ಹೆಸರು. ರೆಕ್ಕೆ ಮುದುರಿದ ಕರ್ಚೀಫಿನ ಹಾಗಿತ್ತು. ಅರ್ಧ ಗಂಟೆಗೂ ಮೇಲೆ ಒಣಗಿಸಿಕೊಂಡು, ಮಗುವಿನ ಮೂಗಿನ ಮುಂದಿನಿಂದಲೇ ಹಾರಿಹೋಯಿತು. ಅವತ್ತು ಅವಳು ಸ್ಕೂಲಿಗೆ ತಡವಾಗಿ ಹೋದಳು. ತಡವಾದದ್ದಕ್ಕೆ ಚೀಟಿಯಲ್ಲಿ ನಿಜವನ್ನೇ ಬರೆದುಕೊಟ್ಟೆ.

ಈಗ ನಮ್ಮಲ್ಲಿ ಎರಡು ಕರಿಬೇವಿನ ಗಿಡ. ಒಂದು ಒಗ್ಗರಣೆಗೆ, ಒಂದು ಹುಳಕ್ಕೆ. ಒಗ್ಗರಣೆ ಗಿಡದಲ್ಲಿ ಹುಳ ಕಂಡರೆ ಎಲೆಸಮೇತ ಎತ್ತಿ ಪಕ್ಕದ ಗಿಡಕ್ಕೆ ವರ್ಗಾವಣೆ. ಬಾಲ್ಕನಿ ಮಾತ್ರ ಇರುವವರೂ ಕುಂಡದಲ್ಲಿ ಇಷ್ಟು ಮಾಡಬಹುದು.

ನನ್ನ ತಪ್ಪನ್ನೂ ಹೇಳಬೇಕು. ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಸಂಜೆ ಎರಡು ಹಿಡಿ ನುಚ್ಚಕ್ಕಿ ನೆಲಕ್ಕೆ ಚೆಲ್ಲುತ್ತಿದ್ದೆ. ಗುಬ್ಬಚ್ಚಿ ಬರುತ್ತದೆ ಅಂತ ಆಸೆ. ಬಂದದ್ದು ಪಾರಿವಾಳ. ರಾತ್ರಿ ಮಿಕ್ಕಿದ್ದಕ್ಕೆ ಇಲಿ. ಗಾರೆಯವರು ಬಿಟ್ಟುಹೋದ ಟೈಲ್ಸ್ ಅಟ್ಟಿ ಇತ್ತಲ್ಲ, ಅದರ ಸಂದಿ ಇಲಿಗಳಿಗೆ ಹೇಳಿ ಮಾಡಿಸಿದ ಮನೆ. ಇಲಿ ಹಿಂದೆ ಕೇರೆಹಾವು. 2020ರಲ್ಲಿ ಒಂದು ಸಂಜೆ ಬಕೆಟ್ ಎತ್ತಲು ಹೋದರೆ ಆರಡಿ ಉದ್ದಕ್ಕೆ ಮಲಗಿತ್ತು. ನಾನು ಕಿರುಚಿದ್ದು ಮೂರನೇ ಕ್ರಾಸಿಗೂ ಕೇಳಿಸಿತಂತೆ. ಹಾವು ಹಿಡಿಯುವವರು ಬಂದರು. ‘ಅಮ್ಮಾ, ಇದು ಕೇರೆ, ವಿಷ ಇಲ್ಲ. ನಿಮ್ಮನೇಲಿ ಇಲಿ ಎಷ್ಟಿದಾವೆ ಅದನ್ನ ಹೇಳಿ’ ಅಂದರು. ಎಲೆ ಮೂಲೆ ತೋರಿಸಿ ಇದರಿಂದಲೇ ಬಂತಾ ಅಂದೆ. ಅವರು ಎಲೆ ಕೆದಕಿ ನೋಡಿ ಇಲ್ಲ ಅಂತ ತಲೆ ಆಡಿಸಿದರು. ಟೈಲ್ಸ್ ಅಟ್ಟಿ ಕಡೆ ಟಾರ್ಚ್ ಬಿಟ್ಟು ತೋರಿಸಿದರು. ಬಿಲ, ಹಿಕ್ಕೆ, ಕಡಿದ ನುಚ್ಚು.

ಮಾರನೇ ದಿನವೇ ಟೈಲ್ಸ್ ಬೇಕಾದವರಿಗೆ ಕೊಟ್ಟುಬಿಟ್ಟೆ. ಕಾಳು ಚೆಲ್ಲುವುದು ನಿಂತಿತು. ಆಮೇಲೆ ಹಾವು ಕಂಡಿಲ್ಲ. ಬರುವುದೇ ಇಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಕತ್ತಲಲ್ಲಿ ಹಿತ್ತಲಿಗೆ ಹೋದರೆ ಟಾರ್ಚು, ಚಪ್ಪಲಿ ಎರಡೂ ಇರಬೇಕು. ಎಲೆಯನ್ನು ಬರಿಗೈಯಲ್ಲಿ ಬಾಚಬಾರದು. ನಾಗರಹಾವು, ಕೊಳಕುಮಂಡಲ ಯಾವುದಾದರೂ ಸರಿ, ದೂರ ನಿಂತು ಹಿಡಿಯುವವರನ್ನು ಕರೆಯಬೇಕು. ಕಚ್ಚಿದರೆ ನಾಟಿ ಔಷಧಿ ಅಂತ ಅಲೆಯದೆ ನೇರ ಆಸ್ಪತ್ರೆ. ಇದು ಎಲೆ ಗುಡಿಸುವ ಮನೆಗೂ ಅಷ್ಟೇ, ಗುಡಿಸದ ಮನೆಗೂ ಅಷ್ಟೇ.

ಅದೇ ಇಲಿಗಳಿಗೆ ನಮ್ಮ ಬೀದಿಯಲ್ಲಿ ಯಾರೋ ಪಾಷಾಣದ ಬಿಲ್ಲೆ ಇಟ್ಟರು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಮಂಕಾದ ಇಲಿ ಗೂಬೆಗೆ ಸುಲಭದ ತುತ್ತು. ಒಂದು ವಾರದಲ್ಲಿ ಟ್ರಾನ್ಸ್‌ಫಾರ್ಮರ್ ಕೆಳಗೆ ಒಂದು ಕಣಜಗೂಬೆ ಸತ್ತುಬಿದ್ದಿತ್ತು. ಬಿಳಿ ಮುಖ, ಕಣ್ಣು ಮುಚ್ಚಿಕೊಂಡು ನಿದ್ದೆ ಮಾಡುವ ಮಗುವಿನ ಹಾಗೆ. ವಿಷದಿಂದಲೇ ಸತ್ತಿತು ಅಂತ ನಾನು ಪ್ರಮಾಣ ಮಾಡಲಾರೆ. ಕರೆಂಟ್ ಹೊಡೆದಿರಬಹುದು. ಆದರೆ ಅದಕ್ಕೂ ಮೊದಲು ಎಷ್ಟೋ ರಾತ್ರಿ ಅದು ಅದೇ ಕಂಬದ ಮೇಲೆ ಕೂತು ನಮ್ಮ ಬೀದಿಯ ಇಲಿ ಹಿಡಿಯುತ್ತಿತ್ತು. ಈಗ ಆ ಕಂಬದ ಮೇಲೆ ಯಾರೂ ಕೂರುವುದಿಲ್ಲ. ಇಲಿ ಮಾತ್ರ ಇದ್ದಷ್ಟೇ ಇವೆ.

ನೀರಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಬರಹ ಅದರದೇ ಅಲ್ವಾ. ಆಳದ ಬಟ್ಟಲು ಬೇಡ. ಕುಂಡದ ಕೆಳಗೆ ಇಡುವ ಮಣ್ಣಿನ ತಟ್ಟೆ ಸಾಕು, ಎರಡು ಬೆರಳು ನೀರು, ಒಂದು ಅಂಚಿಗೆ ನಾಲ್ಕು ಕಲ್ಲು. ಕಲ್ಲಿನ ಮೇಲೆ ಕೂತು ಜೇನುನೊಣ ನೀರು ಕುಡಿಯುತ್ತದೆ, ಇಲ್ಲದಿದ್ದರೆ ಮುಳುಗಿ ಸಾಯುತ್ತದೆ. ನಮ್ಮಲ್ಲಿ ಮೊದಲ ಗಿರಾಕಿ ಕಾಗೆ. ಎಲ್ಲಿಂದಲೋ ಒಣ ಚಪಾತಿ ತಂದು ಅದ್ದಿ ಮೆತ್ತಗೆ ಮಾಡಿಕೊಂಡು ತಿನ್ನುತ್ತದೆ. ಒಮ್ಮೆ ಮೀನಿನ ತಲೆ ಅದ್ದಿಟ್ಟು ಹೋಗಿತ್ತು, ನಮ್ಮ ಶಾಕಾಹಾರಿ ಮನೆಯಲ್ಲಿ! ಅದಕ್ಕೇ ದಿನಾ ತೆಂಗಿನ ನಾರು ಹಾಕಿ ತಿಕ್ಕಿ ತೊಳೆದು ಹೊಸ ನೀರು ಹಾಕಬೇಕು. ಆಗುವುದಿಲ್ಲ ಅನ್ನುವವರು ಬಟ್ಟಲು ಇಡದಿರುವುದೇ ಒಳ್ಳೆಯದು. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ಒಂದು ವಾರ, ಹತ್ತು ದಿನ ಸಾಕು.

ಸೊಳ್ಳೆ ಅಂದಾಗ ನೆನಪಾಯಿತು. 2024ರ ಮಳೆಗಾಲದಲ್ಲಿ ಡೆಂಗಿ ಜೋರಾಗಿತ್ತಲ್ಲ, ಆಗ ಯಾರೋ ‘ಆ ಮನೆ ಹಿತ್ತಲು ಕಾಡಾಗಿದೆ, ಸೊಳ್ಳೆ ಅಲ್ಲಿಂದಲೇ’ ಅಂತ ದೂರು ಕೊಟ್ಟರು. ಇಬ್ಬರು ಹುಡುಗಿಯರು ಟಾರ್ಚು, ಚಮಚ ಹಿಡಿದು ಬಂದರು. ಎಲೆ ಮೂಲೆ, ನೀರಿನ ತಟ್ಟೆ, ಕುಂಡ ಎಲ್ಲ ನೋಡಿದರು. ಒಂದು ಲಾರ್ವಾ ಸಿಗಲಿಲ್ಲ. ನಾನು ಜಂಬದಿಂದ ಕಾಫಿ ಕೊಡುತ್ತೇನೆ ಅಂತ ಒಳಗೆ ಕರೆದೆ. ಹಾಲ್‌ನಲ್ಲಿ ಟಿವಿ ಪಕ್ಕದ ಮನಿಪ್ಲಾಂಟ್ ಬಾಟಲಿಗೆ ಒಬ್ಬಳು ಟಾರ್ಚ್ ಬಿಟ್ಟಳು. ‘ಆಂಟಿ, ಇಲ್ಲಿದೆ ನೋಡಿ.’ ಏಳೆಂಟು ಹುಳ ಮೇಲೆ ಕೆಳಗೆ ಕುಣಿಯುತ್ತಿದ್ದವು. ಫ್ರಿಜ್ ಹಿಂದಿನ ತಟ್ಟೆಯಲ್ಲಿ ಇನ್ನಷ್ಟು. ಡೆಂಗಿ ಸೊಳ್ಳೆಗೆ ತಿಳಿನೀರು ಬೇಕು, ಕಾಡು ಬೇಡ. ಯಜಮಾನರು ನನ್ನನ್ನು ನೋಡಿ ನಕ್ಕದ್ದು ಇನ್ನೂ ಕಣ್ಣ ಮುಂದಿದೆ. ಆ ಹುಡುಗಿಯರ ಮೇಲೆ ನನ್ನದೇನೂ ದೂರಿಲ್ಲ, ಅಚ್ಚುಕಟ್ಟಾಗಿ ಕೆಲಸ ಮಾಡಿದರು. ಮನಿಪ್ಲಾಂಟನ್ನು ಮಣ್ಣಿಗೆ ಹಾಕಿದ್ದೇನೆ.

ಕಾಂಪೌಂಡಿನ ಹೊರಗೆ, ಚರಂಡಿ ಪಕ್ಕ ಒಂದು ಬಿಳಿ ಎಕ್ಕ ತಾನಾಗೇ ಹುಟ್ಟಿದೆ. ಎಕ್ಕ ಮನೆ ಮುಂದೆ ಇರಬಾರದು, ಕಡಿಸಿ ಅಂತ ಬೀದಿಯಲ್ಲಿ ಹೇಳದವರಿಲ್ಲ. ರಥಸಪ್ತಮಿ ದಿನ ಮಾತ್ರ ಸ್ನಾನಕ್ಕೆ ಏಳು ಎಲೆ ಬೇಕು ಅಂತ ಬೆಳಗಿನ ಜಾವವೇ ಅವರೆಲ್ಲ ಸಾಲು ನಿಲ್ಲುತ್ತಾರೆ. ಉಳಿದ 364 ದಿನ ಆ ಗಿಡ ಪ್ಲೇನ್ ಟೈಗರ್ ಅನ್ನುವ ಕಿತ್ತಳೆ ಬಣ್ಣದ ಚಿಟ್ಟೆಯದು. ಅದರ ಹುಳ ಎಕ್ಕದ ವಿಷದ ಹಾಲನ್ನೇ ಉಂಡು, ಆ ವಿಷವನ್ನು ಮೈಯಲ್ಲಿಟ್ಟುಕೊಂಡು, ಚಿಟ್ಟೆಯಾದ ಮೇಲೂ ಹಕ್ಕಿಗಳಿಗೆ ರುಚಿಸದ ಹಾಗೆ ಬದುಕುತ್ತದೆ. ಅದಕ್ಕೇ ಅಷ್ಟು ನಿಧಾನ ಹಾರುತ್ತದೆ. ಅವಸರ ಯಾಕೆ?

ಸಾಗರದ ಕಡೆ ಇರುವ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಗುತ್ತಾಳೆ. ‘ನಿನಗೆ ಬರಲಿ ಅಂತ ಚಿಂತೆ, ನಮಗೆ ಹೋಗಲಿ ಅಂತ ಚಿಂತೆ’ ಅನ್ನುತ್ತಾಳೆ. ಮಂಗಗಳು ಅವಳ ಬಾಳೆ, ಏಲಕ್ಕಿ, ಎಳನೀರು ಏನನ್ನೂ ಬಿಡುವುದಿಲ್ಲ. ಮಂಗನ ಕಾಯಿಲೆಯ ಭಯ ಬೇರೆ. 1957ರಲ್ಲಿ ಅದು ಮೊದಲು ಗೊತ್ತಾದದ್ದೇ ಆ ಸೀಮೆಯ ಕ್ಯಾಸನೂರು ಕಾಡಿನಲ್ಲಿ. ಅವಳಿಗೆ ಈ ಕಾಗದ ಓದಿ ಹೇಳುವ ಧೈರ್ಯ ನನಗಿಲ್ಲ. ನಾನು ಬರೆಯುತ್ತಿರುವುದು ಪೇಟೆಯವರಿಗೆ, ನಮ್ಮ ಹಾಗೆ ಮಣ್ಣಿಗೆಲ್ಲ ಟೈಲ್ಸ್ ಮುಚ್ಚಿದವರಿಗೆ. ನಾವು ಕೂಡ ಮಂಗಕ್ಕೆ ಬಿಸ್ಕತ್ತು ಎಸೆಯುವುದು, ಪಾರಿವಾಳಕ್ಕೆ ಮೂಟೆಗಟ್ಟಲೆ ಜೋಳ ಸುರಿಯುವುದು ಪ್ರಾಣಿಪ್ರೀತಿ ಅಂದುಕೊಳ್ಳಬಾರದು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಏನೆಂದರೆ, ಜೂನ್‌ನಲ್ಲೂ ಒಂದು ಪುಟ ಕೊಡಿ. ಗಿಡ ನೆಡುವ ಕಾಲ ಅದು. ಯಾವ ಗಿಡಕ್ಕೆ ಯಾವ ಹುಳ, ಯಾವ ಹುಳಕ್ಕೆ ಯಾವ ಹಕ್ಕಿ ಅಂತ ನಿಮ್ಮ ವರದಿಗಾರರು ಬಲ್ಲವರನ್ನು ಕೇಳಿ ಬರೆಯಲಿ. ನರ್ಸರಿಗೆ ಹೋದರೆ ಎಲ್ಲಿ ನೋಡಿದರೂ ಒಂದೇ ಥರದ ಹೊರದೇಶದ ಶೋ ಗಿಡಗಳು. ಎಲೆಗೆ ಒಂದು ತೂತು ಬಿದ್ದಿರುವುದಿಲ್ಲ. ‘ಇದಕ್ಕೆ ಹುಳಾನೇ ಬರಲ್ಲ ಮೇಡಂ’ ಅಂತ ಹೆಮ್ಮೆಯಿಂದ ಮಾರುತ್ತಾರೆ. ಈಶ್ವರಿ ಬಳ್ಳಿ ಇದೆಯಾ ಅಂತ ಮೂರು ಕಡೆ ಕೇಳಿದೆ, ಮೂವರೂ ನನ್ನ ಮುಖ ನೋಡಿದರು. ಸರ್ಕಾರ ನಮ್ಮ ರಾಜ್ಯದ ಚಿಟ್ಟೆ ಅಂತ ಸದರ್ನ್ ಬರ್ಡ್‌ವಿಂಗ್ ಅನ್ನು ಹೆಸರಿಸಿತು. ಅದರ ಹುಳಕ್ಕೆ ಈಶ್ವರಿ ಬಳ್ಳಿಯ ಜಾತಿಯೇ ಊಟ. ಆ ಚಿಟ್ಟೆ ಮಲೆನಾಡಿನದು, ನನ್ನ ಹಿತ್ತಲಿಗೆ ಬರುತ್ತದೆ ಅನ್ನುವ ಆಸೆ ನನಗಿಲ್ಲ. ಆದರೆ ಅದೇ ಬಳ್ಳಿಯನ್ನು ತಿನ್ನುವ, ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆ ಬಯಲುಸೀಮೆ ಪೇಟೆಗಳಲ್ಲೂ ಇದೆ. ಅರಣ್ಯ ಇಲಾಖೆ ಮಳೆಗಾಲಕ್ಕೆ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತದೆ. ಆ ಪಟ್ಟಿಗೆ ಹೊಂಗೆ, ನೇರಳೆಯ ಜೊತೆ ಸಣ್ಣ ಸೈಟಿನವರಿಗೆ ಆಗುವಂಥ ಬಳ್ಳಿ, ಪೊದೆಗಳೂ ಸೇರಲಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳುತ್ತಿದ್ದೇನೆ.

ಇನ್ನೊಂದು, ಬೀದಿ ಕೊನೆಯಲ್ಲಿ ಹೊಂಗೆ ಎಲೆ ಗುಡ್ಡೆ ಹಾಕಿ ಬೆಂಕಿ ಇಡುವುದರ ಬಗ್ಗೆ ಒಂದು ಫೋಟೊ ಹಾಕಿ. ಬಟ್ಟಲಿನ ಫೋಟೊ ಹಾಕಿದ್ದಷ್ಟೇ ದೊಡ್ಡದಾಗಿ. ಬೆಂಕಿ ಇಡುವವರು ಪಾಪ ಹೇಳಿದ್ದು ಮಾಡುತ್ತಾರೆ. ಎಲೆ ಕಂಡರೆ ಫೋನ್ ಮಾಡಿ ದೂರು ಕೊಡುವವರು ನಾವೇ. ಆ ಎಲೆ ಚೀಲದಲ್ಲಿ ತುಂಬಿ ತಂದುಕೊಟ್ಟರೆ ನನ್ನ ಮೂಲೆಯಲ್ಲಿ ಇನ್ನೂ ಜಾಗ ಇದೆ. ಇಟ್ಟಿಗೆ ಈ ವರ್ಷ ಮತ್ತೊಂದಡಿ ಮುಂದೆ ಬಂದಿದೆ.

ಕಾಗದ ಉದ್ದವಾಯಿತು, ಕ್ಷಮಿಸಿ. ಸ್ಕೂಟರ್ ಕನ್ನಡಿಗೆ ಯಾಕೆ ಹಳೇ ಕಾಲುಚೀಲ ಹಾಕಿದ್ದೀರಿ ಅಂತ ಎದುರು ಮನೆಯ ಮೇಡಂ ಕೇಳಿದ್ದಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಒಂದು ಪಿಕಳಾರ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಬೇರೆ ಗಂಡು ಬಂದಿದೆ ಅಂತ ದಿನವಿಡೀ ಕುಟ್ಟಿ ಕುಟ್ಟಿ ಸುಸ್ತಾಗುತ್ತಿತ್ತು. ಮರಿ ಮಾಡುವ ಕಾಲ ಮುಗಿಯುವ ತನಕ ಕಾಲುಚೀಲ ಅಲ್ಲೇ ಇರುತ್ತದೆ.

ಇತಿ,
ನಿಮ್ಮ ಹಳೆಯ ಓದುಗಿ,
ಕುವೆಂಪುನಗರ, ಮೈಸೂರು

(ದಯವಿಟ್ಟು ಹೆಸರು ಹಾಕಬೇಡಿ. ಎದುರು ಮನೆಯವರು ತರಿಸುವುದೂ ನಿಮ್ಮ ಪತ್ರಿಕೆಯನ್ನೇ. ಕಾಲುಚೀಲದಿಂದ ಅವರಿಗೆ ಗೊತ್ತಾದರೆ ಗೊತ್ತಾಗಲಿ.)